ಕರಿಯ ಪೈಪು

ಪೈಪು ಮಾಡುವವರಲ್ಲಿ ‘ಡ್ರೆಸ್’ ಎಂದೇ ಕರೆಸಿಕೊಳ್ಳುವ ಒಂದು ಬಗೆಯಿದೆ. ಅಚ್ಚ ಕಪ್ಪು, ಎಲ್ಲೂ ಉಬ್ಬುತಗ್ಗಿಲ್ಲದ ನುಣುಪು, ಕತ್ತಿನ ಸುತ್ತ ಒಂದು ಬೆಳ್ಳಿಯ ಕಟ್ಟು. ಕಪ್ಪು ಕೋಟು, ಬಿಳಿ ಅಂಗಿ, ಬೋ ಟೈ ಧರಿಸಿ ಹೋಗಬೇಕಾದ ರಾತ್ರಿಯೂಟಗಳಿಗೆ ಇದು ಒಪ್ಪುತ್ತದೆ ಎಂಬುದು ಆ ಹೆಸರಿನ ಹಿಂದಿನ ಎಣಿಕೆ. ಲಂಡನ್ನಿನ ಡನ್‌ಹಿಲ್ ಕಂಪನಿ 1970ರ ದಶಕದಲ್ಲಿ ಈ ಹೆಸರಿನ ಪೈಪುಗಳನ್ನು ತಂದಿತು. ಬೇರೆ ಬೇರೆ ಹೆಸರಿನಲ್ಲಿ ಇಂಥವನ್ನು ಡಬ್ಲಿನ್ನಿನವರೂ ಇಟಲಿಯವರೂ ಮಾಡುತ್ತಾರೆ. ಕಪ್ಪು ಬಟ್ಟೆಗೆ ಕಪ್ಪು ಪೈಪು. ಕೇಳಿದರೆ ಯಾರಿಗೂ ಸರಿಯೆನಿಸುವ ಏರ್ಪಾಡು. ಆದರೆ ಆ ಪೈಪಿನ ಮರ ಎಂಥದ್ದೆಂದು ಬಲ್ಲವರಿಗೆ ಇದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವ ಮಾತಲ್ಲ.

ಒಳ್ಳೆಯ ಪೈಪಿನ ಮರ ಬ್ರಯರ್. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡಕ್ಕೆ ಬೇರಿಗೂ ಕಾಂಡಕ್ಕೂ ನಡುವೆ, ನೆಲದ ಮಟ್ಟದಲ್ಲಿ, ಒಂದು ಗಂಟು ಕಟ್ಟಿಕೊಳ್ಳುತ್ತದೆ. ಪೈಪಿಗೆ ಒದಗುವಷ್ಟು ಅದು ಬಲಿಯಲು ಹತ್ತಾರು ವರ್ಷ ಬೇಕು. ಅಗೆದು ತಂದ ಗಂಟು ಬಿರಿಯದಂತೆ ತೇವದಲ್ಲಿಟ್ಟು, ತುಂಡು ಮಾಡಿ, ಒಗರೂ ರಸವೂ ಬಿಡುವ ತನಕ ಗಂಟೆಗಟ್ಟಲೆ ಕುದಿಸಿ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಣಗಿಸುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಿನ ಸ್ಯಾಂ ಕ್ಲೋಡ್ ಎಂಬ ಊರು 1850ರ ದಶಕದಿಂದೀಚೆಗೆ ಈ ಕಸುಬಿನಿಂದಲೇ ಹೆಸರಾಯಿತು. ಇಷ್ಟೆಲ್ಲ ಆದ ಮೇಲೆ, ಕಡೆಯುವಾಗ, ಮರದ ಒಳಗಿನ ಎಳೆ ಮೊದಲ ಸಲ ಬೆಳಕಿಗೆ ಬರುತ್ತದೆ. ಬಟ್ಟಲಿನ ಬುಡದಿಂದ ಬಾಯಿಯವರೆಗೆ ನೆಟ್ಟಗೆ ಏರುವ ಗೆರೆಗಳು. ಅಡ್ಡ ಕೊಯ್ದ ಮೈಯಲ್ಲಿ ಒತ್ತೊತ್ತಾದ ಸಣ್ಣ ಸುತ್ತುಗಳು. ಒಂದು ಪೈಪಿನ ಎಳೆ ಇನ್ನೊಂದಕ್ಕೆ ಇರುವುದಿಲ್ಲ. ಗೆರೆ ನೇರವಾದಷ್ಟೂ ಬೆಲೆ ಏರುತ್ತದೆ. ಪೈಪು ಬಲ್ಲವರು ಕೈಗೆತ್ತಿಕೊಂಡ ಕೂಡಲೇ ಕಿಟಕಿಯ ಕಡೆ ತಿರುಗಿಸಿ ಹುಡುಕುವುದು ಇದನ್ನೇ.

ಡ್ರೆಸ್ ಪೈಪಿನಲ್ಲಿ ಆ ಎಳೆಯನ್ನೇ ಕಪ್ಪಿನಲ್ಲಿ ಮುಚ್ಚಿಬಿಡುತ್ತಾರೆ. ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಕೊನೆಗೆ ಮೇಣದಲ್ಲಿ ತಿಕ್ಕಿ ಹೊಳಪು ಕೊಡುತ್ತಾರೆ. ಇದರಲ್ಲಿ ವ್ಯಾಪಾರದ ಲೆಕ್ಕವೂ ಇದೆ. ಎಳೆ ಸಾಧಾರಣವಾಗಿರುವ, ಸಣ್ಣಪುಟ್ಟ ಕಲೆಗಳಿರುವ ತುಂಡು ಕಪ್ಪಿನಲ್ಲಿ ಪಾರಾಗುತ್ತದೆ. ಆದರೆ ಕೊಳ್ಳುವವರಿಗೂ ಇದು ಗೊತ್ತು. ಗೊತ್ತಿದ್ದೂ, ಮನೆಯಲ್ಲಿ ಎಳೆಯೆದ್ದ ಕಂದು ಪೈಪುಗಳ ಸಾಲೇ ಇದ್ದರೂ, ವಿಶೇಷದ ದಿನಕ್ಕೆಂದು ಎಳೆಯೇ ಕಾಣದ ಒಂದನ್ನು ಹುಡುಕಿಕೊಂಡು ಹೋಗುತ್ತಾರೆ. ನಾಲ್ಕು ಜನರ ನಡುವೆ ಹೋಗುವಾಗ ತನ್ನಲ್ಲಿರುವ ಅತ್ಯಂತ ಸ್ವಂತದ್ದನ್ನು ಮುಚ್ಚಿಕೊಂಡು ಹೋಗುವುದು ಯಾಕೆ? ನನ್ನನ್ನು ಬಹಳ ದಿನದಿಂದ ಹಿಡಿದಿರುವ ಪ್ರಶ್ನೆ ಇದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಗೆರೆ ಎಳೆದಿಟ್ಟಿದ್ದಾರೆ. ಪೈಪು ಆ ಗೆರೆಯ ಎರಡೂ ಕಡೆಗೆ ಸೇರಿದ ವಸ್ತು. ಒಳಗೆ ತುಂಬುವ ಸೊಪ್ಪು, ಎಳೆಯುವ ದಮ್ಮು, ನಾಲಿಗೆಗೆ ಹತ್ತುವ ಖಾರ, ಇವು ಸೇದುವವನಿಗೆ ಬಿಟ್ಟದ್ದು. ಹೊರಗಿನ ಆಕಾರ, ಬಣ್ಣ, ಹೊಳಪು ಎದುರಿಗೆ ಕೂತವರ ಪಾಲು. ಬಾಯಲ್ಲಿರುವಾಗ ಸೇದುವವನಿಗೆ ತನ್ನ ಪೈಪು ಕಾಣುವುದೇ ಕಡಿಮೆ; ಮೂಗಿನ ಕೆಳಗೆ ಅರ್ಧ ಬಟ್ಟಲು ಕಂಡರೆ ಹೆಚ್ಚು. ಅದನ್ನು ಇಡಿಯಾಗಿ ನೋಡುವವರು ಉಳಿದವರೇ. ಮನೆಯ ಜಗಲಿಯಲ್ಲಿ ಒಬ್ಬರೇ ಕೂತಾಗ ಈ ಎರಡನೆಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಔತಣಕ್ಕೆ ಕೊಂಡೊಯ್ಯುವಾಗ ಮಾತ್ರ, ಈ ವಸ್ತು ಯಾರ ಕಣ್ಣಿಗಾಗಿ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಪೈಪಿಗೆ ಔತಣದ ಕೋಣೆಯೊಳಗೆ ಸುಲಭಕ್ಕೆ ಜಾಗ ಸಿಕ್ಕಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದೊಡ್ಡವರ ಕೂಟಗಳಲ್ಲಿ ಮರ್ಯಾದೆಯ ತಂಬಾಕು ಎಂದರೆ ನಶ್ಯ. ಉಡುಪಿನಲ್ಲಿ ಸಂಯಮವನ್ನೇ ಸೊಗಸೆಂದು ಸಾಧಿಸಿ ತೋರಿಸಿದ ಬೋ ಬ್ರಮ್ಮೆಲ್ ಹೆಸರುವಾಸಿಯಾದದ್ದು ನಶ್ಯದ ಡಬ್ಬಿಗೂ ಹೌದು. ಆಮೇಲೆ ಸಿಗಾರ್ ಬಂತು. ಊಟ ಮುಗಿದು ಹೆಂಗಸರು ಎದ್ದು ಹೋದ ಮೇಲೆ ಗಂಡಸರು ಹೊತ್ತಿಸುತ್ತಿದ್ದುದು ಅದನ್ನು. ವೇಲ್ಸಿನ ರಾಜಕುಮಾರ ಎಡ್ವರ್ಡ್ 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ದರ್ಜಿಗಳಿಂದ ಹಿಂದೆ ಬಾಲವಿಲ್ಲದ ಗಿಡ್ಡ ಕೋಟನ್ನು ಹೊಲಿಸಿಕೊಂಡ ಮೇಲೆ, ಬರಬರುತ್ತ ಅದೇ ರಾತ್ರಿಯೂಟದ ಉಡುಪಾಯಿತು. ಪೈಪು ಆಗಲೂ ಓದುವ ಕೋಣೆಯಲ್ಲಿ, ತೋಟದಲ್ಲಿ, ಮೀನು ಹಿಡಿಯುವ ಹೊಳೆಯ ದಡದಲ್ಲಿ ಉಳಿದಿತ್ತು. ಮನೆಮಂದಿಯ ಎದುರು ಸಲ್ಲುವ, ಅತಿಥಿಗಳ ಎದುರು ಸಲ್ಲದ ವಸ್ತು. ಹಾಗೆ ಹೊರಗುಳಿದದ್ದು ಒಳಗೆ ಬರಬೇಕಾದಾಗ, ಒಳಗಿನವರ ಉಡುಪನ್ನೇ ತೊಟ್ಟು ಬಂತು.

ಒಂದು ಶತಮಾನ ಕಳೆಯುವಷ್ಟರಲ್ಲಿ ಇದು ತಿರುವುಮುರುವೂ ಆಯಿತು. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಜನರೆದುರು ಪೈಪು ಹಿಡಿದೇ ಇರುತ್ತಿದ್ದರು; ಅಲ್ಲಿನ ಪೈಪು ಸೇದುವವರ ಮಂಡಳಿ 1965ರಲ್ಲಿ ಅವರಿಗೆ ವರ್ಷದ ಪ್ರಶಸ್ತಿಯನ್ನೂ ಕೊಟ್ಟಿತು. ಖಾಸಗಿಯಾಗಿ ಅವರಿಗೆ ಸಿಗಾರ್ ಮೇಲೆ ಒಲವಿತ್ತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಿಗಾರ್ ಸಿರಿವಂತರದು, ಪೈಪು ದುಡಿಯುವವರದು ಎಂಬ ನಂಬಿಕೆ ಆಗ ಬಲವಾಗಿತ್ತು. ನೋಟ ಪರರಿಚ್ಛೆ ಎಂಬುದು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಿಕ್ಕಿಲ್ಲ. ನನಗೆ ಇದು ಹಿಡಿಸುವುದಿಲ್ಲ. ಪರರ ಇಚ್ಛೆಗೆ ತಲೆಬಾಗುವುದು ಒಂದು, ಪರರ ಇಚ್ಛೆಯನ್ನು ಬಳಸಿಕೊಳ್ಳುವುದು ಇನ್ನೊಂದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಎನ್ನುವುದೇ ಕಷ್ಟ.

ಸಂದರ್ಭಕ್ಕೆ ತಕ್ಕ ಪೈಪನ್ನು ಆರಿಸಿದ ಹಳೆಯ ವೃತ್ತಾಂತಗಳಲ್ಲಿ ಒಂದು ನಮ್ಮ ಬಿಜಾಪುರದಿಂದ ಹೊರಟದ್ದು. ಅಕ್ಬರನ ಆಸ್ಥಾನದ ಅಸದ್ ಬೇಗ್, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ರಾಜಕುಮಾರ ದಾನಿಯಾಲನ ಮದುವೆಗೆಂದು ಕರೆತರಲು ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ಅವನು ಮೊದಲ ಬಾರಿಗೆ ತಂಬಾಕು ಕಂಡ. 1604ರ ಸುಮಾರಿಗೆ ಹಿಂತಿರುಗಿದಾಗ ಕಾಣಿಕೆಗಳ ಜೊತೆ ಅದನ್ನೂ ಒಯ್ದ. ಬರೀ ಸೊಪ್ಪನ್ನು ಒಯ್ಯಲಿಲ್ಲ. ಸುಮಾತ್ರದ ‘ಆಚೆ’ ಎಂಬ ಪ್ರಾಂತದಿಂದ ಬಂದ ಮೂರು ಮೊಳದ ಕೊಳವೆಯನ್ನು ಸಂಪಾದಿಸಿ, ಅದರ ಎರಡೂ ತುದಿಗೆ ರತ್ನ ಕೂರಿಸಿ ಮೀನಾ ಕೆಲಸ ಮಾಡಿಸಿದ. ಬಾಯಿಗಿಡುವ ತುದಿಗೆ ಯೆಮೆನ್ನಿನ ಕೆಂಪು ಅಕೀಕ್ ಕಲ್ಲು. ಹೊತ್ತಿಸುವುದಕ್ಕೆ ಚಿನ್ನದ ಸಾಧನ. ಆದಿಲ್ ಶಾಹ ಕೊಟ್ಟಿದ್ದ ಕುಸುರಿ ಕೆಲಸದ ಎಲೆಯಡಿಕೆ ಚೀಲದಲ್ಲಿ ತಂಬಾಕು. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ, ಕೊಳವೆಗೆ ಬೇರೆಯೇ ಬೆಳ್ಳಿಯ ಗವಸು ಮಾಡಿಸಿ, ಅದಕ್ಕೂ ಮಖಮಲ್ಲು ಹೊದಿಸಿದ.

ಇದನ್ನೆಲ್ಲ ಅವನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಚಕ್ರವರ್ತಿಯ ಕಣ್ಣು ತಟ್ಟೆಯ ಮೇಲೆ ಬಿತ್ತು, ಇದೇನೆಂದು ಕೇಳಿದ, ತುಂಬಿ ಕೊಡಲು ಹೇಳಿದ. ವೈದ್ಯರು ಮುಂದೆ ಬಂದು ಬೇಡವೆಂದರು. ತಂದವನ ಮನಸ್ಸಿಗೆ ನೋವಾಗದಿರಲೆಂದು ಅಕ್ಬರ ಎರಡು ಮೂರು ದಮ್ಮು ಎಳೆದ, ವೈದ್ಯರು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಪೈಪು ಪಕ್ಕದ ಅಮೀರನ ಕೈಗೆ ಹೋಯಿತು. ಅಕ್ಬರನಿಗೆ ಅದು ಅಭ್ಯಾಸವಾಗಲಿಲ್ಲ. ಆಸ್ಥಾನದ ಸರದಾರರಿಗೆ ಹತ್ತಿತು. ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನೇ ನಿಷೇಧಿಸಬೇಕಾಯಿತು.

ಈ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸುವುದು ತಂಬಾಕು ಹರಡಿದ ಚರಿತ್ರೆಯಲ್ಲ. ಅಸದ್ ಬೇಗ್ ಆ ಪೈಪನ್ನು ತನಗೆಂದು ಸಿಂಗರಿಸಲಿಲ್ಲ. ಹೊಗೆ ಎಳೆಯಲು ರತ್ನ ಬೇಕಿಲ್ಲ. ಅಪರಿಚಿತ ಸೊಪ್ಪೊಂದನ್ನು ದೊರೆಯ ಮುಂದೆ ಇಡಬೇಕಾದರೆ ಅದು ದೊರೆಗೆ ತಕ್ಕ ವೇಷದಲ್ಲಿ ಹೋಗಬೇಕು ಎಂಬುದು ಅವನ ವಿವೇಕ. ಅಕ್ಬರನೂ ಅದೇ ನೆಲೆಯಲ್ಲಿ ಉತ್ತರ ಕೊಟ್ಟ. ವೈದ್ಯರ ಮಾತನ್ನು ತಳ್ಳಿಹಾಕದೆ, ತಂದವನ ಮುಖವನ್ನೂ ಉಳಿಸಿ, ಎರಡು ಮೂರೇ ದಮ್ಮಿನಲ್ಲಿ ಮುಗಿಸಿದ. ಅಲ್ಲಿ ನಡೆದದ್ದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಗೌರವದ ವ್ಯವಹಾರ. ಪೈಪು ಅದನ್ನು ಹೊತ್ತ ತಟ್ಟೆಯಷ್ಟೇ.

ಹಾಗಾದರೆ ಒಂದು ಕಡೆ ರತ್ನ, ಇನ್ನೊಂದು ಕಡೆ ಬರೀ ಕಪ್ಪು. ಇವೆರಡೂ ಎದುರುಬದುರು ಎಂದು ಮೊದಲು ಅನ್ನಿಸುತ್ತದೆ. ಅವೆರಡರ ನಡುವಿನ ದಾರಿಯನ್ನು ನನಗೆ ತೋರಿಸಿದ್ದು ಬೀದರ್. ದಖ್ಖನಿನ ದರ್ಬಾರುಗಳಲ್ಲಿ ಹುಕ್ಕಾ ಬೇರೂರಿದ ಮೇಲೆ ಅದರ ನೀರು ತುಂಬುವ ಬುಡವನ್ನು ಬಿದ್ರಿ ಕೆಲಸದಲ್ಲಿ ಮಾಡುತ್ತಿದ್ದರು. ಹದಿನೇಳು, ಹದಿನೆಂಟನೆಯ ಶತಮಾನದ ಅಂಥ ಬುಡಗಳು ಇಂದು ಲಂಡನ್, ನ್ಯೂಯಾರ್ಕ್ ಮ್ಯೂಸಿಯಮ್ಮುಗಳಲ್ಲಿವೆ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೈಮೇಲೆ ಬಳ್ಳಿ ಹೂವು ಕೆತ್ತಿ, ಕೆತ್ತಿದ ಕಡೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಅಲ್ಲಿಯವರೆಗೆ ಬೆಳ್ಳಿಗೂ ಬುಡಕ್ಕೂ ಬಣ್ಣದಲ್ಲಿ ಅಂಥ ಅಂತರವಿಲ್ಲ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕ್ಷಣದಲ್ಲಿ ಇಡೀ ಚಿತ್ರ ಎದ್ದು ಬರುತ್ತದೆ. ಕುಸುರಿಯವನ ತಿಂಗಳ ದುಡಿಮೆ ಕಾಣಿಸಬೇಕಾದರೆ ಪಾತ್ರೆ ತನ್ನ ಬಣ್ಣವನ್ನು ಬಿಟ್ಟುಕೊಡಬೇಕು.

ಲಂಡನ್ನಿನ ಕರಿಯ ಪೈಪಿಗೂ ಬೀದರಿನ ಹುಕ್ಕಾಕ್ಕೂ ಕೊಡುಕೊಳುವೆ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ತಂಬಾಕಿನ ಉಪಕರಣಕ್ಕೆ ಘನತೆ ಬೇಕೆನಿಸಿದಾಗ, ದೂರದೂರದ ಎರಡು ಊರಿನ ಕೈಗಳು ಕಪ್ಪನ್ನೂ ಬೆಳ್ಳಿಯನ್ನೂ ಆರಿಸಿಕೊಂಡವು. ಹಿಂದೆ ಸರಿಯುವ ಒಂದು ಬಣ್ಣ, ಮುಂದೆ ಬರುವ ಒಂದು ಲೋಹ. ಸಂಭ್ರಮಕ್ಕೆ ಎರಡೂ ಬೇಕಾಗುತ್ತವೆ.

ಇಂಥ ಪೈಪೊಂದನ್ನು ನಾನು ಹತ್ತಿರದಿಂದ ನೋಡಿದ್ದು ಕೊಡಗಿನಲ್ಲಿ, ಸೇನೆಯಿಂದ ನಿವೃತ್ತರಾಗಿ ಕಾಫಿ ತೋಟದಲ್ಲಿ ನೆಲೆಸಿದ ಹಿರಿಯರೊಬ್ಬರ ಮನೆಯಲ್ಲಿ. ಮೆತ್ತನೆಯ ಬಟ್ಟೆಯ ಚೀಲದಿಂದ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನೇರ ಕೊಳವೆ, ಸಣ್ಣ ದುಂಡು ಬಟ್ಟಲು, ಹಗುರ. ಬೆಳ್ಳಿಯ ಕಟ್ಟಿನ ಮೇಲೆ ಸಿಂಹ, ಲಂಗರು, ಒಂದು ಅಕ್ಷರ: ಸಿಂಹ ಬೆಳ್ಳಿಯ ಶುದ್ಧತೆಗೆ, ಲಂಗರು ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದಕ್ಕೆ, ಅಕ್ಷರ ವರ್ಷಕ್ಕೆ. ತಿಕ್ಕಿ ತಿಕ್ಕಿ ಸಿಂಹದ ಮುಖ ಸವೆದಿತ್ತು. ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿ ಮಾಡಿದ ವಲ್ಕನೈಟ್ ಕೊಳವೆ ಬೆಳಕು ಬಿದ್ದ ಬದಿಯಲ್ಲಿ ಹಸಿರುಗಂದಾಗಿತ್ತು. ಬಟ್ಟಲಿನ ಅಂಚಿನಲ್ಲಿ, ಬೆಂಕಿಕಡ್ಡಿ ತಾಗಿದ ಕಡೆ, ಕಪ್ಪು ತೆಳುವಾಗಿತ್ತು. ಕಿಟಕಿಯ ಬಿಸಿಲಿಗೆ ಹಿಡಿದಾಗ ಹೆಬ್ಬೆರಳು ಕೂರುವ ಜಾಗದಲ್ಲಿ, ಮೇಣ ಸವೆದ ಮೈಯಡಿ, ಕಡುಗೆಂಪಿನ ಗೆರೆಗಳು ಕಂಡವು. ಒಂದಕ್ಕೊಂದು ತಾಗದೆ ನೆಟ್ಟಗೆ ಏರಿದ ಗೆರೆಗಳು. ಯಾವುದೋ ಕಲೆ ಮುಚ್ಚಲು ಬಣ್ಣ ಹಚ್ಚಿದ ಮರ ಅದಾಗಿರಲಿಲ್ಲ.

“ಇದನ್ನ ಮನೇಲಿ ಸೇದಲ್ವಾ ಸಾರ್?” ಎಂದೆ.

“ಇಲ್ಲ. ಇದು ಒಬ್ಬನೇ ಕೂತು ಸೇದೋದಲ್ಲ. ಜಗಲಿಗೆ ಬೇರೆ ಇದೆ ನೋಡಿ,” ಎಂದು ಮೂಲೆಯಲ್ಲಿದ್ದ, ಅಂಚು ಸುಟ್ಟ ಕಂದು ಪೈಪನ್ನು ತೋರಿಸಿದರು.

ಸೇನೆಯ ಮೆಸ್ಸಿನ ಔತಣದಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಎಲ್ಲರೂ ಎದ್ದು ಗ್ಲಾಸು ಎತ್ತುವ ತನಕ ಯಾರೂ ಹೊತ್ತಿಸುವಂತಿರಲಿಲ್ಲವಂತೆ. ಅಷ್ಟು ಹೊತ್ತೂ ಆ ಪೈಪು ಜೇಬಿನಲ್ಲೇ ಕಾಯುತ್ತಿತ್ತು. ಆಮೇಲೂ ಇಪ್ಪತ್ತು ನಿಮಿಷದಲ್ಲಿ ಮುಗಿಯುವಷ್ಟೇ ತುಂಬುತ್ತಿದ್ದರು; ಹಿರಿಯ ಅಧಿಕಾರಿ ಎದ್ದರೆ ತಾವೂ ಏಳಬೇಕಲ್ಲ. ಊರಿನ ಮದುವೆಗಳಿಗೂ ಕೊಂಡುಹೋಗುತ್ತೀರಾ ಎಂದು ಕೇಳಿದೆ. ಇಲ್ಲವೆಂದರು. ಅಲ್ಲಿ ಅವರು ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಬಿಗಿದು, ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸಿಕೊಂಡು ಹೋಗುತ್ತಾರೆ. “ಆ ಉಡುಪಿನಲ್ಲಿ ಇದಕ್ಕೆ ಜಾಗ ಇಲ್ಲ,” ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ, ಮುಂದೆ ಕೇಳಲು ಏನೂ ಉಳಿಯಲಿಲ್ಲ. ಯಾವ ಪೈಪು ಎಂಬುದಕ್ಕಿಂತ ಮೊದಲು ಪೈಪು ಬೇಕೇ ಎಂಬ ಪ್ರಶ್ನೆಯಿದೆ, ಅದನ್ನು ಕೇಳುವುದು ಸಂದರ್ಭವೇ ಹೊರತು ನಾವಲ್ಲ ಎಂಬುದು ಅವರಿಗೆ ಮೈಗೂಡಿತ್ತು.

ಇಂಥ ಪೈಪನ್ನು ಆರಿಸುವವರ ರೂಢಿಗಳನ್ನು ನೋಡಿದರೆ ಎಲ್ಲವೂ ಇದೇ ಕಡೆಗೆ ಸಾಗುತ್ತವೆ. ನೇರ ಕೊಳವೆ, ಸರಳ ಆಕಾರ. ಸಣ್ಣ ಬಟ್ಟಲು, ಯಾಕೆಂದರೆ ದೊಡ್ಡದು ಮುಗಿಯುವ ತನಕ ಜೊತೆಯವರು ಕಾಯಬೇಕಾಗುತ್ತದೆ. ನುಣುಪಾದ ಮೈ. ಮರಳನ್ನು ರಭಸದಿಂದ ಬಡಿಸಿ ಮೆತು ಮರವನ್ನು ಸವೆಸಿ ಸುಕ್ಕು ಸುಕ್ಕಾಗಿಸುವ ಬಗೆಗೆ ಡನ್‌ಹಿಲ್ 1917ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿತ್ತು; ಆ ಸುಕ್ಕು ಮೈ ಬೆರಳಿಗೆ ಹಿತ, ಆದರೆ ಬೇಟೆಯ ಕೋಟಿಗೆ, ಒರಟು ಉಣ್ಣೆಗೆ ಸಲ್ಲುವಂಥದ್ದು. ಟರ್ಕಿಯ ಎಸ್ಕಿಶೆಹಿರಿನ ಬಿಳಿಗಲ್ಲಿನಲ್ಲಿ ಕೆತ್ತಿದ ಮೀರ್‌ಶಾಮ್ ಪೈಪು, ಪೇಟ ತೊಟ್ಟ ತಲೆಗಳ, ಹದ್ದಿನುಗುರುಗಳ ಆಕಾರದ್ದು, ಎಷ್ಟೇ ಸುಂದರವಾಗಿದ್ದರೂ ಊಟದ ಮೇಜಿನ ಮಾತನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮದುಮಗಳನ್ನು ಮೀರಿಸುವ ಸೀರೆ ಉಟ್ಟು ಮದುವೆಗೆ ಹೋಗಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದನ್ನೇ. ಇನ್ನು ಡನ್‌ಹಿಲ್ ಕೊಳವೆಯ ಮೇಲಿನ ಬಿಳಿ ಚುಕ್ಕೆ. 1912ರಲ್ಲಿ ಅದನ್ನು ಇಟ್ಟದ್ದು, ಕೈಯಲ್ಲಿ ಮಾಡಿದ ಕೊಳವೆಯ ಯಾವ ಮಗ್ಗುಲು ಮೇಲೆ ಬರಬೇಕೆಂದು ಸೇದುವವನಿಗೆ ತಿಳಿಯಲೆಂದು. ಬರಬರುತ್ತ ಅದೇ ದುಬಾರಿಯ ಗುರುತಾಯಿತು. ಬೆಳ್ಳಿಯ ಕಟ್ಟಿಗೂ ಎರಡು ಬಾಳು. ಕೊಳವೆ ಸೇರುವ ಕಡೆ ಮರದ ಕತ್ತು ತೆಳುವು, ಬಿರುಕು ಬಿಡುವುದು ಅಲ್ಲೇ. ಅದನ್ನು ಬಿಗಿಹಿಡಿಯುವ ಕೆಲಸ ಮಾಡುತ್ತಲೇ ಬೆಳ್ಳಿ ಒಡವೆಯೂ ಆಗಿದೆ. ನಾನು ಆರಿಸುವುದಾದರೆ ಚುಕ್ಕೆಯನ್ನು ಬಿಟ್ಟು ಕಟ್ಟನ್ನೇ ಆರಿಸುತ್ತೇನೆ.

ತಂಬಾಕು ಕೊಲ್ಲುತ್ತದೆ. ಪೈಪಿನ ಹೊಗೆಯನ್ನು ಎದೆಗಿಳಿಸುವುದಿಲ್ಲವಾದ್ದರಿಂದ ಅಪಾಯವಿಲ್ಲ ಎನ್ನುವವರಿದ್ದಾರೆ. ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಆ ಮಾತನ್ನು ಕೇಳುವುದಿಲ್ಲ. ಅಕ್ಬರನ ವೈದ್ಯರು ಸರಿಯಾಗಿಯೇ ಅಡ್ಡ ಬಂದಿದ್ದರು. ಐರ್ಲೆಂಡ್ 2004ರ ಮಾರ್ಚಿನಲ್ಲಿ, ಇಂಗ್ಲೆಂಡ್ 2007ರ ಜುಲೈನಲ್ಲಿ ಕೆಲಸದ ಜಾಗಗಳಿಂದ, ಹೋಟೆಲು ಪಬ್ಬುಗಳಿಂದ ಹೊಗೆಯನ್ನು ಹೊರಹಾಕಿದವು. ನಮ್ಮಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವಂತಿಲ್ಲ. ಇದು ಆಗಬೇಕಾದ್ದೇ. ಸೇದದವರ ಉಸಿರಿಗೆ ಹೊಗೆ ಬೆರೆಸುವ ಹಕ್ಕು ಎಷ್ಟು ಒಪ್ಪವಾದ ಪೈಪಿಗೂ ಇಲ್ಲ. ಹೀಗೆ ಯಾವ ಔತಣಕ್ಕೆಂದು ಕರಿಯ ಪೈಪು ಹುಟ್ಟಿತೋ ಆ ಔತಣದ ಕೋಣೆಯಲ್ಲೇ ಅದನ್ನು ಹೊತ್ತಿಸುವಂತಿಲ್ಲ. ಡಬ್ಲಿನ್ನಿನಲ್ಲಿ ಅದನ್ನು ಇವತ್ತಿಗೂ ಮಾಡುತ್ತಾರೆ, ಕೊಳ್ಳುವವರಿದ್ದಾರೆ. ಊಟ ತನ್ನಿಚ್ಛೆಯ ಪಾಲು ಕಳಚಿಬಿದ್ದು ಬರೀ ನೋಟ ಉಳಿದಾಗ, ಸಂದರ್ಭಕ್ಕೆ ಒಪ್ಪುವುದು ಎಂದರೇನು ಎಂಬುದು ಇನ್ನಷ್ಟು ಬಿಡಿಯಾಗಿ ಕಣ್ಣಿಗೆ ಬೀಳುತ್ತದೆ.

ಒಪ್ಪುವ ಗೊಡವೆಯೇ ಬೇಡವೆಂದವರೂ ಇದ್ದರು. 1945ರ ಆಗಸ್ಟ್ 30ರಂದು ಸೋತ ಜಪಾನಿನ ಅತ್ಸುಗಿ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಜನರಲ್ ಡಗ್ಲಸ್ ಮೆಕಾರ್ಥರ್ ಇಳಿದದ್ದು ಕಾಲರ್ ಬಿಚ್ಚಿದ ಖಾಕಿ ಅಂಗಿಯಲ್ಲಿ, ಬಾಯಲ್ಲಿ ಮೆಕ್ಕೆಜೋಳದ ದಿಂಡಿನ ಪೈಪು. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದ ಮಾಡುತ್ತಿರುವ, ರೈತರು ಸೇದುವ ಅಗ್ಗದ ಪೈಪು. ಅದರ ಉದ್ದ ಕೊಳವೆ, ಎತ್ತರದ ಬಟ್ಟಲು ಅವರ ಇಷ್ಟದಂತೆ ಮಾಡಿದ್ದು. ಮೂರು ದಿನ ಕಳೆದು, ಸೆಪ್ಟೆಂಬರ್ 2ರಂದು, ಟೋಕಿಯೋ ಕೊಲ್ಲಿಯಲ್ಲಿ ಮಿಸೌರಿ ಯುದ್ಧನೌಕೆಯ ಮೇಲೆ ಶರಣಾಗತಿಯ ಪತ್ರಕ್ಕೆ ಸಹಿ ಬಿದ್ದಾಗಲೂ ಮೆಕಾರ್ಥರ್ ಟೈ ಇಲ್ಲದೆ, ಪದಕಗಳಿಲ್ಲದೆ ನಿಂತಿದ್ದರು. ಗೆದ್ದವರಿಗೆ ಉಡುಪಿನ ಹಂಗು ಇರಲಿಲ್ಲ. ಆ ನಿರಾಡಂಬರವನ್ನು ಹೊಗಳಿದವರು ಬಹಳ. ನಾನು ಆ ಚಿತ್ರಗಳಲ್ಲಿ ನೋಡುವುದು ಎದುರು ನಿಂತವರನ್ನು. ಜಪಾನಿನ ವಿದೇಶಾಂಗ ಮಂತ್ರಿ ಮಮೊರು ಷಿಗೆಮಿತ್ಸು ಎತ್ತರದ ಟೋಪಿ, ಬಾಲದ ಕೋಟು, ಕೈಗವಸು ತೊಟ್ಟು ಬಂದಿದ್ದರು. 1932ರಲ್ಲಿ ಶಾಂಘೈಯಲ್ಲಿ ಬಾಂಬು ಸಿಡಿದು ಬಲಗಾಲು ಕಳೆದುಕೊಂಡವರು. ಕೃತಕ ಕಾಲಿನಲ್ಲಿ, ಊರುಗೋಲು ಹಿಡಿದು ಹಡಗಿನ ಮೆಟ್ಟಿಲು ಹತ್ತಿದರು. ಆ ಉಡುಪು ಅವರಿಗೆ ಅಂದು ಏನನ್ನೂ ತಂದುಕೊಡುವಂತಿರಲಿಲ್ಲ. ನೋಡುವವರಲ್ಲಿ ಅವರನ್ನು ಮೆಚ್ಚುವವರು ಯಾರೂ ಇರಲಿಲ್ಲ. ದೇಶ ಸೋತಿತ್ತು, ಸಹಿ ಹಾಕುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಒಂದೊಂದೇ ಗುಂಡಿ ಹಾಕಿಕೊಂಡು ಬಂದದ್ದು, ಆ ಗಳಿಗೆ ತಮಗಿಂತ ದೊಡ್ಡದೆಂದು ಅವರಿಗೆ ಗೊತ್ತಿದ್ದುದರಿಂದ. ತಮ್ಮ ನೋವು, ನಾಚಿಕೆ, ಸ್ವಂತದ್ದೆಲ್ಲವೂ ಆ ಕಪ್ಪು ಕೋಟಿನ ಅಡಿಯಲ್ಲೇ ಇತ್ತು. ಅದನ್ನು ಯಾರಿಗೂ ತೋರಿಸಬೇಕಾಗಿರಲಿಲ್ಲ.